ಮರುಳಪ್ಪನ ವೈರ್‌ಲೆಸ್ ತಂತಿ

ದಂಡಿನಶಿವರದ ಬಸ್ ನಿಲ್ದಾಣದ ಎದುರು ಗೊಬ್ಬರದ ಅಂಗಡಿ ಇಟ್ಟಿದ್ದ ಮರುಳಪ್ಪನಿಗೆ ಬಾಯಿ ಜಾರುವ ಚಟ ಇರಲಿಲ್ಲ. ಯೂರಿಯಾ ಇದೆಯೇ ಎಂದು ಕೇಳಿದರೆ, ಇದೆ ಎನ್ನುವ ಮೊದಲು ಒಮ್ಮೆ ಒಳಗೆ ಹೋಗಿ ಚೀಲ ಮುಟ್ಟಿ ಬರುವ ಮನುಷ್ಯ ಅವನು. ಅಂಥವನು ತಿಪಟೂರಿನಲ್ಲಿ ತನ್ನ ಭಾವಮೈದುನ ಬಸವಕುಮಾರನ ಮನೆಯ ಗೃಹಪ್ರವೇಶದ ದಿನ, ಎಲೆಗೆ ಎರಡನೆಯ ಹೋಳಿಗೆ ಬೀಳುವ ಹೊತ್ತಿನಲ್ಲಿ, ಇಡೀ ನೆಂಟರ ಬಳಗದ ಎದುರು ಆಡಬಾರದ ಮಾತೊಂದನ್ನು ಆಡಿಬಿಟ್ಟ.

ತಪ್ಪು ಪೂರ್ತಿ ಅವನದೇ ಎನ್ನುವಂತಿಲ್ಲ. ಬಸವಕುಮಾರ ಕೊಬ್ಬರಿ ವ್ಯಾಪಾರಿ. ಕೊಬ್ಬರಿಗೆ ಒಳ್ಳೆಯ ಧಾರಣೆ ಸಿಕ್ಕ ವರ್ಷ ಮನೆ ಕಟ್ಟಿಸಿದ್ದ, ಅದರ ಜೊತೆಗೆ ಅಂಗೈ ಮೀರುವಷ್ಟು ಅಗಲದ ಫೋನನ್ನೂ ಕೊಂಡಿದ್ದ. ಊಟದ ಪಂಕ್ತಿಯ ಉದ್ದಕ್ಕೂ ಓಡಾಡುತ್ತ, ಆ ಫೋನಿನೊಳಗೆ ಕಾಣುತ್ತಿದ್ದ ದುಬೈ ವ್ಯಾಪಾರಿಯೊಬ್ಬನ ಮುಖವನ್ನು ಒಬ್ಬೊಬ್ಬರಿಗೂ ದೇವರ ಆರತಿಯ ಹಾಗೆ ತೋರಿಸುತ್ತಿದ್ದ. ಮರುಳಪ್ಪನ ಎಲೆಯ ಮುಂದೆ ಬಂದು ನಿಂತು, "ನೋಡಿ ಭಾವ, ದುಬೈ! ನಿಮ್ ಡಬ್ಬ ಫೋನ್ನಲ್ಲಿ ತುರುವೇಕೆರೆಗೇ ಮಾತು ಹೋಗಲ್ಲ ಅಲ್ವಾ?" ಎಂದ.

ಪಂಕ್ತಿ ನಕ್ಕಿತು.

"ನಂಗೆ ಫೋನೂ ಬೇಡ, ಸಿಗ್ನಲ್ಲೂ ಬೇಡ ಕಣಪ್ಪ," ಎಂದ ಮರುಳಪ್ಪ. "ನಮ್ ತೋಟದಾಗೆ ತೆಂಗಿನ ಮರಕ್ಕೆ ಒಂದು ತಂತಿ ಕಟ್ಟಿ ಹೊರದೇಶದೋರ ಜೊತೆ ಮಾತಾಡ್ತೀನಿ. ಬರೋ ಭಾನುವಾರ ಬುಟ್ಟು ಅದರಾಚೆ ಭಾನುವಾರ ಬಾ, ನಿನ್ ಕಿವಿಗೇ ಕೇಳಿಸ್ತೀನಿ."

ಪಂಕ್ತಿ ಇನ್ನೂ ಜೋರಾಗಿ ನಕ್ಕಿತು. ನಗದೆ ಕೂತಿದ್ದವಳು ಹೆಂಡತಿ ಗುರುಸಿದ್ದಮ್ಮ ಒಬ್ಬಳೇ. ಗಂಡ ಹವ್ಯಾಸಿ ರೇಡಿಯೋದವರ ಪರೀಕ್ಷೆ ಬರೆದು, ದೆಹಲಿಯಿಂದ ಲೈಸೆನ್ಸು ತರಿಸಿಕೊಂಡು, ಯಾರೋ ಮಾರಿದ ಹಳೆಯ ಸೆಟ್ಟೊಂದನ್ನು ತಂದು ಗೊಬ್ಬರದ ಚೀಲದಲ್ಲಿ ಸುತ್ತಿಟ್ಟಿದ್ದು ಅವಳಿಗೆ ಗೊತ್ತಿತ್ತು. ಆ ಸೆಟ್ಟಿನಲ್ಲಿ ಅವನು ಈವರೆಗೆ ಒಂದು ನರಪಿಳ್ಳೆಯ ಜೊತೆಗೂ ಮಾತಾಡಿಲ್ಲವೆಂಬುದೂ ಗೊತ್ತಿತ್ತು.

"ಯಾಕ್ರೀ ಬೇಕಿತ್ತು ಆ ಮಾತು?" ಎಂದಳು ವಾಪಸು ಬರುವಾಗ ಬಸ್ಸಿನಲ್ಲಿ.

"ಹೋಳಿಗೆಗೆ ತುಪ್ಪ ಜಾಸ್ತಿ ಆಗಿತ್ತು ಕಣೇ," ಎಂದ ಮರುಳಪ್ಪ.

ಸೆಟ್ಟು ಇದ್ದರೆ ಸಾಲದು, ಆಂಟೆನಾ ಬೇಕು. ಅದನ್ನು ತಂತಿಯಿಂದ ಮನೆಯಲ್ಲೇ ಮಾಡಿಕೊಳ್ಳಬಹುದು ಎಂದು ಪರೀಕ್ಷೆಗೆ ಓದಿದ ಪುಸ್ತಕ ಧೈರ್ಯ ಹೇಳಿತ್ತು. ಎರಡು ಸಮನಾದ ತಂತಿಗಳನ್ನು ಒಂದಕ್ಕೊಂದು ತಾಗದ ಹಾಗೆ ನಡುವೆ ಕೂಡಿಸಬೇಕು, ಆ ನಡುವಿನಿಂದ ಕೇಬಲ್ಲನ್ನು ಸೆಟ್ಟಿಗೆ ಇಳಿಸಬೇಕು, ಅಷ್ಟೇ. ಮರುಳಪ್ಪ ಸುಟ್ಟುಹೋದ ಬೋರ್‌ವೆಲ್ ಮೋಟರಿನ ತಾಮ್ರದ ತಂತಿ ಬಿಚ್ಚಿದ. ನಡುವೆ ಪಿಂಗಾಣಿಯ ಬಿಲ್ಲೆ ಇಡಿ ಎಂದಿತ್ತು ಪುಸ್ತಕ. ಅದನ್ನು ಬರೆದವನು ತೆಂಗಿನ ಸೀಮೆಯವನಲ್ಲವೆಂದು ಮರುಳಪ್ಪನಿಗೆ ಅನ್ನಿಸಿತು. ಒಣಗಿದ ಕರಟಕ್ಕೆ ತೂತು ಕೊರೆದು ಅದನ್ನೇ ಇಟ್ಟ. ಕಷ್ಟ ಬಂದದ್ದು ಅಳತೆಯಲ್ಲಿ. ಪುಸ್ತಕ ಮೀಟರಿನಲ್ಲಿ ಹೇಳಿದ್ದನ್ನು ಅವನು ಟೇಪಿನ ಅಡಿಯ ಕಡೆ ಓದಿ ಕತ್ತರಿಸಿದ್ದರಿಂದ, ಮೊದಲ ಆಂಟೆನಾ ಗುರುಸಿದ್ದಮ್ಮನ ಹಿತ್ತಿಲಿನಲ್ಲಿ ಬಟ್ಟೆ ಒಣಹಾಕುವ ತಂತಿಯಾಗಿ ಕೊನೆಗಂಡಿತು. ಎರಡನೆಯದು ಸರಿಯಾಗಿ ಬಂತು. ಆದರೆ ಸೆಟ್ಟು ಇಡುವ ಪಂಪ್‌ಹೌಸು ತೋಟದ ಮೂಲೆಯಲ್ಲಿತ್ತು, ಕೇಬಲ್ಲು ಗಿಡ್ಡವಾಗಿತ್ತು. ಹಾಗಾಗಿ ತಂತಿಯ ಒಂದು ತುದಿ ಬೇಲಿ ದಾಟಿ, ಪಕ್ಕದ ತೋಟದ ಚಿಕ್ಕರಂಗಯ್ಯನ ಎಳೆಯ ತೆಂಗಿನ ಮರಕ್ಕೇ ಹೋಗಬೇಕಾಯಿತು.

ಮರ ಹತ್ತುವ ಗಿಡ್ಡಯ್ಯ ತಂತಿ ಕಟ್ಟುತ್ತಿದ್ದಾಗ ಚಿಕ್ಕರಂಗಯ್ಯ ಬೇಲಿಯ ಬಳಿ ಬಂದ. ವಯಸ್ಸಾದ ಮನುಷ್ಯ, ತನ್ನ ಮರಗಳನ್ನು ಮೊಮ್ಮಕ್ಕಳಿಗಿಂತ ಹೆಚ್ಚು ಗುರುತು ಹಿಡಿಯುತ್ತಿದ್ದವನು.

"ಏನಪ್ಪ ಇದು ಮರುಳಪ್ಪ?"

"ವೈರ್‌ಲೆಸ್ಸು ಕಣಣ್ಣ."

"ಅಂಗಂದ್ರೆ?"

"ವೈರ್ ಇಲ್ದೆ ಮಾತಾಡೋದು."

ಚಿಕ್ಕರಂಗಯ್ಯ ಮರದಿಂದ ಮರಕ್ಕೆ ಹೋಗಿದ್ದ ವೈರನ್ನು ನೋಡಿದ. ಅದರ ನಡುವಿನಿಂದ ಇಳಿಬಿದ್ದ ವೈರನ್ನು ನೋಡಿದ. ಗಿಡ್ಡಯ್ಯನ ಹೆಗಲಿನಲ್ಲಿ ಉಳಿದಿದ್ದ ವೈರಿನ ಸುರುಳಿಯನ್ನೂ ನೋಡಿದ.

"ವೈರ್ ಇಲ್ದೆ ಮಾತಾಡಾಕೆ ಇಷ್ಟು ವೈರ್ ಬೇಕು ಅನ್ನು," ಎಂದ.

"ಇದು ಅಲೆ ಕಳ್ಸಾಕೆ ಅಣ್ಣ. ಇಲ್ಲಿಂದ ಎದ್ದು ದೂರ ಹೋಗ್ತವೆ."

"ಹೋಗೋವು ನನ್ ಮರದ ಮ್ಯಾಲಿಂದ್ಲೇ ಹೋಗ್ಬೇಕಾ? ಆಗ್ಲಿ ಕಟ್ಕೋ. ಒಂದು ಎಳೆಕಾಯಿ ಉದುರಿದ್ರೂ ಬಿಚ್ಚಿ ಬಿಸಾಕ್ತೀನಿ, ಆಮೇಲೆ ಬೇಜಾರ್ ಮಾಡ್ಕಬ್ಯಾಡ."

ಮರುದಿನ ಮಧ್ಯಾಹ್ನ ಮರುಳಪ್ಪ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದು ಸೆಟ್ಟಿಗೆ ಜೋಡಿಸಿದ. ಪಂಪ್‌ಹೌಸಿನೊಳಗೆ ಕೂತು ಮೈಕು ಹಿಡಿದು ಗಂಟಲು ಸರಿಮಾಡಿಕೊಂಡು, "ಸಿಕ್ಯೂ! ಸಿಕ್ಯೂ! ಸಿಕ್ಯೂ!" ಎಂದು ಕೂಗಿದ. ಯಾರಾದರೂ ಇದ್ದೀರಾ, ಇದ್ದರೆ ಮಾತಾಡಿ ಎಂದು ರೇಡಿಯೋದವರ ಭಾಷೆಯಲ್ಲಿ ಅದರ ಅರ್ಥ. ಯಾರೂ ಇರಲಿಲ್ಲ. ಸೆಟ್ಟಿನಿಂದ ಕಾದ ಎಣ್ಣೆಗೆ ವಡೆ ಬಿಟ್ಟ ಸದ್ದು ಮಾತ್ರ ಬಂತು. ಮೈಕಿನಲ್ಲಿ ಎಷ್ಟು ಗಟ್ಟಿಯಾಗಿ ಕೂಗಿದರೆ ಅಷ್ಟು ದೂರ ಹೋಗುತ್ತದೆಂದು ಪುಸ್ತಕ ಹೇಳಿರದಿದ್ದರೂ, ಒಂದು ಪಕ್ಷ ಹೋದರೆ ಹೋಗಲಿ ಎಂದು ಅವನು ಮೂರು ತೋಟಕ್ಕೆ ಕೇಳುವ ಹಾಗೆ ಮತ್ತೊಮ್ಮೆ ಕೂಗಿದ.

ಅದೇ ಸಮಯಕ್ಕೆ ಹೊರಗೆ ಬೇರೊಂದು ಘಟನೆ ನಡೆಯಿತು. ದಿನವೂ ಬಂದು ಎಳನೀರು ಕಿತ್ತು ಕುಡಿದು ಬುರುಡೆ ಎಸೆಯುತ್ತಿದ್ದ ಕೋತಿಗಳ ಹಿಂಡು ಚಿಕ್ಕರಂಗಯ್ಯನ ತೋಟಕ್ಕೆ ಬಂದಿತ್ತು. ಹಿಂಡಿನ ಯಜಮಾನ, ಕೆಂಪು ಮೂತಿಯ ದಢೂತಿ ಕೋತಿ, ಎಳೆಯ ಮರದ ಮೇಲೆ ಕೂತು ಹೊಸದಾಗಿ ಬಂದ ತಂತಿಯ ತುದಿಯನ್ನು ಹಿಡಿದು ನೋಡಿತು. ಮೈಕಿನಲ್ಲಿ ಮಾತಾಡುವಾಗ ಆಂಟೆನಾದ ತುದಿ ಮುಟ್ಟಿದರೆ ಚುರುಕ್ಕೆನ್ನುತ್ತದೆ; ಯಾರೂ ಮುಟ್ಟಬೇಡಿ ಎಂದು ಪುಸ್ತಕದಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಕೋತಿ ಓದಿರಲಿಲ್ಲ. ಕಿಟಾರನೆ ಕಿರುಚಿ ಅದು ನೆಲಕ್ಕೆ ಹಾರಿತು. ಯಜಮಾನನೇ ಹಾರಿದ ಮೇಲೆ ಉಳಿದವು ಕಾರಣ ಕೇಳುತ್ತ ಕೂರಲಿಲ್ಲ. ಇಡೀ ಹಿಂಡು ರಸ್ತೆ ದಾಟಿ ಓಡಿಹೋಯಿತು.

ಮರುಳಪ್ಪ ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದಾಗ ಚಿಕ್ಕರಂಗಯ್ಯ ಬೇಲಿಯಾಚೆ ಕೈಮುಗಿದು ನಿಂತಿದ್ದ.

"ಓಡಿದ್ವು ಕಣಪ್ಪ! ನೀನ್ ಕೂಗಿದ್ದೇ ತಡ, ಎಲ್ಲ ಓಡಿದ್ವು!"

ಮರುಳಪ್ಪನಿಗೆ ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ಮೈ ಜುಮ್ಮೆಂದಿತು. "ಹೋದ್ವಾ? ನಿಂಗೆ ಗೊತ್ತಾಯ್ತಾ?"

"ಕಣ್ಣಾರೆ ಕಂಡೆ!"

ರೇಡಿಯೋ ಅಲೆ ಕಣ್ಣಿಗೆ ಕಾಣುವುದಿಲ್ಲ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವನು ಮರುಳಪ್ಪ. ಆದರೂ ಹಿರಿಯ ಮನುಷ್ಯ, ಸುಳ್ಳು ಹೇಳುವವನಲ್ಲ. "ಯಾವ ಕಡೆಗೆ ಹೋದ್ವಣ್ಣ?" ಎಂದ.

"ರಸ್ತೆ ದಾಟಿ ಪಡುವಲಕ್ಕೆ."

"ಪಡುವಲಕ್ಕೆ! ಜೋರಾಗಿ ಹೋದ್ವಾ?"

"ಜೋರಾಗಾ? ನೆಲ ಮುಟ್ಟಿದ್ದೇ ಕಾಣ್ಲಿಲ್ಲ. ಒಂದರ ಹೊಟ್ಟೆಗೆ ಮರಿ ತಗಲ್ಕೊಂಡಿತ್ತು, ಪಾಪ."

ಮರುಳಪ್ಪನ ಮುಖ ಸಣ್ಣದಾಯಿತು. ಸೆಟ್ಟು ಕೆಟ್ಟಿದ್ದರೆ ಒಂದು ಅಲೆಯ ಜೊತೆಗೆ ಬೇಡದ ಸಣ್ಣ ಮರಿ ಅಲೆಗಳೂ ಹುಟ್ಟಿ ಹೊರಗೆ ಹೋಗುತ್ತವೆ, ಅದು ನಿಯಮಕ್ಕೆ ವಿರುದ್ಧ ಎಂದು ಓದಿದ್ದ. "ಮರೀನೂ ಹೋಯ್ತಾ? ಅದು ಹೋಗ್ಬಾರ್ದು ಕಣಣ್ಣ. ತಡೀಬೇಕು ಅದನ್ನ."

"ಮರಿ ಬುಟ್ಟು ತಾಯಿ ಎಂಗಪ್ಪ ಹೋಯ್ತದೆ?" ಎಂದು ಚಿಕ್ಕರಂಗಯ್ಯ ಬೆರಗಾದ. ಇಂಥ ಕಟುಕತನ ಮರುಳಪ್ಪನಲ್ಲಿ ಅವನು ಎಣಿಸಿರಲಿಲ್ಲ.

ಮರುಳಪ್ಪ ಎರಡು ಮಧ್ಯಾಹ್ನ ಅಂಗಡಿ ಮುಚ್ಚಿ, ಪಿವಿಸಿ ಪೈಪಿನ ತುಂಡಿಗೆ ತಂತಿ ಸುತ್ತಿ, ಮರಿ ತಡೆಯುವ ಸುರುಳಿ ಮಾಡಿದ.

ಮೂರನೆಯ ದಿನ ಅಂಗಡಿ ತೆಗೆದರೆ ಎದುರಿಗೆ ಜನ. ಯಾರಿಗೂ ಗೊಬ್ಬರ ಬೇಡ. ಎಲ್ಲರದೂ ಒಂದೇ ಮಾತು: "ನಮ್ ತೋಟಕ್ಕೂ ಒಂದು ತಂತಿ ಕಟ್ಕೊಡಪ್ಪ." ಮರುಳಪ್ಪನ ಕಣ್ಣು ಒದ್ದೆಯಾಯಿತು. ಇಡೀ ತಾಲ್ಲೂಕಿನಲ್ಲಿ ರೇಡಿಯೋ ಹುಚ್ಚು ತನಗೊಬ್ಬನಿಗೇ ಎಂದುಕೊಂಡಿದ್ದ. ಊರೇ ಒಳಗೊಳಗೆ ತಹತಹಿಸುತ್ತಿತ್ತು! ಅವನು ಗೊಬ್ಬರದ ಚೀಲದ ಮೇಲೆ ನಿಂತು ಅಲೆಗಳ ವಿಷಯ ವಿವರಿಸಿದ.

"ಇವು ಹತ್ತಿರದಲ್ಲಿ ಇಳಿಯಲ್ಲ. ಇಲ್ಲಿಂದ ಎದ್ದು, ಆಕಾಶದ ತನಕ ಹೋಗಿ, ಅಲ್ಲಿಂದ ಹಾರ್ಕೊಂಡು ದೂರದಲ್ಲಿ ಇಳೀತವೆ."

"ದೂರ ಅಂದ್ರೆ? ಕಂದಿಕೆರೆ ದಾಟ್ತವಾ?" ಎಂದಳು ಕೊಲ್ಲಾಪುರಮ್ಮ. ಅವಳ ತೋಟಕ್ಕೆ ಕೋತಿಗಳು ದಿನಕ್ಕೆರಡು ಸಲ ಬರುತ್ತಿದ್ದವು.

"ನಡು ಮಧ್ಯಾಹ್ನ ಕಳಿಸಿದ್ರೆ ಸ್ವಲ್ಪ ಹತ್ತಿರ ಇಳೀತವೆ. ಸಂಜೆ ಕಡೆ ಕಳಿಸಿದ್ರೆ ಸಮುದ್ರಾನೇ ದಾಟ್ತವೆ ಅವ್ವ."

"ಅಂಗಾರೆ ಸಂಜೆನೇ ಕಳ್ಸು. ತಿರುಗಿ ಬರಲ್ವಾ?"

"ಅಪರೂಪಕ್ಕೆ ಭೂಮಿ ಒಂದು ಸುತ್ತು ಹಾಕ್ಕೊಂಡು ಬಂದಿರೋದೂ ಉಂಟು."

"ಸುತ್ತಾಕ್ಕೊಂಡು ಬರಾ ಹೊತ್ಗೆ ಕಾಯಿ ಕೀಳಿಸ್ಕೊಂಡಿರ್ತೀವಿ ಬುಡು," ಎಂದಳು ಕೊಲ್ಲಾಪುರಮ್ಮ.

ಅಲೆಗೂ ಕಾಯಿ ಕೀಳಿಸುವುದಕ್ಕೂ ಏನು ಸಂಬಂಧವೆಂದು ಮರುಳಪ್ಪನಿಗೆ ಅರ್ಥವಾಗಲಿಲ್ಲ. ಹೊಸಬರು, ನಿಧಾನಕ್ಕೆ ಕಲಿಯುತ್ತಾರೆ ಎಂದುಕೊಂಡ. "ಆದ್ರೆ ಒಂದು ಪರೀಕ್ಷೆ ಪಾಸ್ ಮಾಡ್ಬೇಕು ಅವ್ವ," ಎಂದ.

"ನಂಗೂ ಪರೀಕ್ಷೆನಾ? ನಾನು ಹೆಬ್ಬೆಟ್ಟು ಕಣಪ್ಪ!"

"ನಾನೇ ಹೇಳ್ಕೊಡ್ತೀನಿ," ಎಂದ ಮರುಳಪ್ಪ. ಅಂದು ಸಂಜೆ ಹೆಂಡತಿಗೆ, "ಅಕ್ಷರ ಬರ್ದಿರೋ ಕೊಲ್ಲಾಪುರಮ್ಮನಿಗೆ ಇರೋ ಆಸಕ್ತಿ ನಿಂಗಿಲ್ವಲ್ಲೇ!" ಎಂದು ಆಡಿ ತೋರಿಸಿದ. ಅವಳು ಟ್ರ್ಯಾಕ್ಟರಿನ ಬ್ಯಾಟರಿ ಯಾವಾಗ ವಾಪಸು ಬರುತ್ತದೆ ಎಂದು ಕೇಳಿದಳು.

ಈ ನಡುವೆ ಅವನು ದಿನವೂ ಕೂಗುತ್ತಿದ್ದ. ಉತ್ತರ ಒಂದೂ ಬರಲಿಲ್ಲ. ಊರಿನ ಗೌರವ ಮಾತ್ರ ಏರುತ್ತಲೇ ಇತ್ತು. ಚಿಕ್ಕರಂಗಯ್ಯ ತಾನಾಗಿಯೇ ದಿನಕ್ಕೊಂದು ಎಳನೀರು ಕೆತ್ತಿ ಪಂಪ್‌ಹೌಸಿನ ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದ. ಯಾರೂ ಮಾತಾಡದಿದ್ದರೂ ಇಷ್ಟು ಮರ್ಯಾದೆ; ಇನ್ನು ಯಾರಾದರೂ ಮಾತಾಡಿಬಿಟ್ಟರೆ ಗತಿಯೇನು ಎಂದು ಅವನಿಗೆ ಒಳಗೊಳಗೇ ಗಾಬರಿಯಾಯಿತು.

ಭಾನುವಾರ ಬಂತು. ಗುರುಸಿದ್ದಮ್ಮ ಬರುವವರಿಗೆಂದು ಉಪ್ಪಿಟ್ಟು ಮಾಡಿದ್ದಳು. ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತಿಗೆ ತೋಟದ ತುಂಬ ಜನ ಸೇರಿದ್ದರು. ಬಸವಕುಮಾರನ ಕಾರು ಬಂತು. ಅದರ ಹಿಂದೆ ಬೈಕಿನಲ್ಲಿ ಅರಣ್ಯ ಇಲಾಖೆಯ ಗಾರ್ಡು ರಂಗನಾಥ್ ಬಂದ. ಕಾರಿನಿಂದ ಇಳಿದ ಬಸವಕುಮಾರನ ಮುಖ ಕೆಂಪಾಗಿತ್ತು. ರಸ್ತೆಯಾಚೆ ಪಡುವಲ ದಿಕ್ಕಿನಲ್ಲಿದ್ದ ತೋಟ ಅವನದು.

"ಏನ್ ಭಾವ, ಹೊರದೇಶಕ್ಕೆ ಕಳಿಸ್ತೀನಿ ಅಂದ್ರಿ, ನಮ್ ತೋಟಕ್ಕೆ ಕಳಿಸ್ತಿದೀರಲ್ಲ!"

"ನಿನ್ ತೋಟಕ್ಕೂ ಬಂತಾ?" ಮರುಳಪ್ಪ ಹಿಗ್ಗಿದ. "ಸ್ಪಷ್ಟವಾಗಿ ಬಂತಾ?"

"ಸ್ಪಷ್ಟವಾಗೇ ಬಂದ್ವು! ವಾರದಿಂದ ಅಲ್ಲೇ ಅವೆ. ಎಳನೀರೆಲ್ಲ ಕುಡ್ದು ಮುಗಿಸಿದ್ವು!"

ಮರುಳಪ್ಪ ಯೋಚನೆ ಮಾಡಿದ. ಅಲೆಗಳು ಬೆಟ್ಟಕ್ಕೆ ತಾಗುತ್ತವೆ, ಮೋಡ ದಾಟುತ್ತವೆ ಎಂದೆಲ್ಲ ಓದಿದ್ದ. ಎಳನೀರು ಕುಡಿಯುತ್ತವೆಂದು ಎಲ್ಲಿಯೂ ಇರಲಿಲ್ಲ.

"ಯಾರು ಕುಡಿದಿದ್ದು?" ಎಂದ.

"ಕೋತಿಗಳು! ನೀವು ತಂತಿ ಕಟ್ಟಿ ಅಟ್ಟಿದ ಕೋತಿಗಳು!"

ಮರುಳಪ್ಪ ನಿಧಾನವಾಗಿ ಚಿಕ್ಕರಂಗಯ್ಯನ ಕಡೆ ತಿರುಗಿದ. "ಅಣ್ಣ, ಅವತ್ತು ನೀನು ಓಡಿದ್ವು ಅಂದಿದ್ದು..."

"ಕೋತಿ ಕಣಪ್ಪ. ಇನ್ನೇನ್ ಓಡ್ತವೆ?"

"ಮರಿ?"

"ಕೋತಿ ಮರಿ."

ಮರುಳಪ್ಪ ಕೊಲ್ಲಾಪುರಮ್ಮನ ಮುಖ ನೋಡಿದ, ಸೇರಿದ್ದ ಜನರ ಮುಖ ನೋಡಿದ. ಅವರಲ್ಲಿ ಒಬ್ಬರಿಗೂ ರೇಡಿಯೋ ಬೇಕಿರಲಿಲ್ಲ. ಪಂಪ್‌ಹೌಸಿನ ಮೆಟ್ಟಿಲ ಮೇಲೆ ಕೂತುಬಿಟ್ಟ.

ಗಾರ್ಡು ರಂಗನಾಥ್ ಕೂರಲು ಬಿಡಲಿಲ್ಲ. "ಏಳ್ರೀ. ಕಾಡುಪ್ರಾಣಿಗೆ ಕರೆಂಟ್ ತಂತಿ ಕಟ್ಟಿದೀರಂತೆ. ಕೇಸಾಗುತ್ತೆ."

"ಇದರಲ್ಲಿ ಕರೆಂಟೇ ಇಲ್ಲ ಸಾರ್! ಇದು ಮಾತಾಡೋ ತಂತಿ."

ರಂಗನಾಥ್ ಜೇಬಿನಿಂದ ಟೆಸ್ಟರು ತೆಗೆದು, ಏಣಿ ಹತ್ತಿ, ತಂತಿಯ ತುದಿಗೆ ಹಿಡಿದ. ದೀಪ ಹತ್ತಲಿಲ್ಲ. "ಸರಿ, ಈಗ ಮಾತಾಡಿ," ಎಂದ.

"ಮುಟ್ಬೇಡಿ ಸಾರ್, ಸ್ವಲ್ಪ ದೂರ ಹಿಡ್ಕೊಳ್ಳಿ," ಎಂದು ಮರುಳಪ್ಪ ಒಳಗೆ ಹೋಗಿ ಮೈಕಿನಲ್ಲಿ, "ಹಲೋ," ಎಂದ. ಟೆಸ್ಟರು ಮಿನುಗಿತು. ಸುಮ್ಮನಾದ. ಆರಿತು. "ಹಲೋ, ಹಲೋ," ಎಂದ. ಎರಡು ಸಲ ಮಿನುಗಿತು.

ರಂಗನಾಥನ ಸರ್ವಿಸಿನಲ್ಲಿ ಇಂಥದ್ದು ನಡೆದಿರಲಿಲ್ಲ. "ಇವರು ಬಾಯಿ ಬಿಟ್ರೆ ಕರೆಂಟ್ ಬರುತ್ತೆ, ಮುಚ್ಚಿದ್ರೆ ಹೋಗುತ್ತೆ," ಎಂದು ಏಣಿಯ ಮೇಲಿಂದಲೇ ಸಾರಿದ. "ಕರೆಂಟ್ ಇರೋದು ತಂತೀಲೋ ಇವರ ಬಾಯಲ್ಲೋ ಅಂತ ರಿಪೋರ್ಟಲ್ಲಿ ಏನಂತ ಬರೀಲಿ?"

"ಬಾಯಲ್ಲೇ ಅಂತ ಬರ್ಕೊಳ್ಳಿ," ಎಂದಳು ಗುರುಸಿದ್ದಮ್ಮ.

ಮರುಳಪ್ಪ ಲೈಸೆನ್ಸು ತಂದು ಕೊಟ್ಟ. ರಂಗನಾಥ್ ಅದನ್ನು ಮೇಲಿನಿಂದ ಕೆಳಕ್ಕೆ ಓದಿ, "ದೆಹಲಿಯದೇ ಸರಿ. ಆದ್ರೆ ಇದರಲ್ಲಿ ಕೋತಿ ಅಂತ ಎಲ್ಲೂ ಇಲ್ಲ," ಎಂದು ವಾಪಸು ಕೊಟ್ಟ. ಕೊನೆಗೆ ತೀರ್ಮಾನ ಹೇಳಿದ. ಮೊದಲು ತಂತಿಯ ತುದಿಗಳಿಗೆ, ಯಾವ ಪ್ರಾಣಿಗೂ ತಾಗದ ಹಾಗೆ, ನೀರಿನ ಪೈಪು ತೊಡಿಸಬೇಕು. ಆಮೇಲೆ ಎಲ್ಲರ ಎದುರು ಮಾತಾಡಬೇಕು. "ಆ ಕಡೆಯಿಂದ ಯಾರಾದ್ರೂ ಮಾತಾಡಿದ್ರೆ ಇದು ವೈರ್‌ಲೆಸ್ಸು, ನಾನು ಹೊರಟೆ. ಯಾರೂ ಮಾತಾಡ್ಲಿಲ್ಲ ಅಂದ್ರೆ ಇದು ಕೋತಿ ಓಡಿಸೋ ಮಿಷನ್ನು, ತಂತಿ ಸಮೇತ ಹೊತ್ಕೊಂಡು ಹೋಗ್ತೀನಿ."

ಗಿಡ್ಡಯ್ಯ ಏಣಿ ಹತ್ತಿ ಪೈಪು ತೊಡಿಸಿದ. ಮರುಳಪ್ಪ ಸೆಟ್ಟಿನ ಮುಂದೆ ಕೂತ. ಹತ್ತು ದಿನ ಕೂಗಿದರೂ ಯಾರಿಂದಲೂ ಓ ಎನ್ನಿಸಿಕೊಳ್ಳದವನು ಈಗ ಊರೆಲ್ಲ ಬಾಗಿಲಲ್ಲಿ ನಿಂತಿರುವಾಗ ಕೂಗಬೇಕಾಗಿತ್ತು. "ಸಿಕ್ಯೂ," ಎಂದ. ವಡೆ ಬೇಯುವ ಸದ್ದು. "ಸಿಕ್ಯೂ," ಎಂದ ಮತ್ತೆ. ಬಸವಕುಮಾರ ಗಡಿಯಾರ ನೋಡಿಕೊಂಡ. ಗುರುಸಿದ್ದಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

ಅಷ್ಟರಲ್ಲಿ ಉಪ್ಪಿಟ್ಟಿನ ವಾಸನೆಗೋ ಏನೋ, ರಸ್ತೆಯಾಚೆಯಿಂದ ಕೋತಿಗಳ ಹಿಂಡು ಬಂದು ಚಿಕ್ಕರಂಗಯ್ಯನ ಮರಗಳ ಮೇಲೆ ಕೂತಿತು. ಕೆಂಪು ಮೂತಿಯ ಯಜಮಾನ ಆ ಎಳೆಯ ಮರಕ್ಕೇ ಏರಿತು. ಮರುಳಪ್ಪನಿಗೆ ಅದು ಕಾಣಲಿಲ್ಲ. ಅವನು ಕಣ್ಣು ಮುಚ್ಚಿಕೊಂಡು, ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ, "ಸಿಕ್ಯೂ! ಸಿಕ್ಯೂ! ಸಿಕ್ಯೂ!" ಎಂದು ಕೂಗಿದ.

ತಂತಿಗೆ ಪೈಪು ಇತ್ತು, ಯಾವ ಕೋತಿಯೂ ಅದನ್ನು ಮುಟ್ಟಿರಲಿಲ್ಲ. ಆದರೆ ಆ ದನಿಯನ್ನು ಯಜಮಾನ ಮರೆತಿರಲಿಲ್ಲ. ಮೂರನೆಯ ಸಿಕ್ಯೂ ಮುಗಿಯುವಷ್ಟರಲ್ಲಿ ಅದು ಕಿರುಚಿ ಹಾರಿತು, ಹಿಂದೆಯೇ ಹಿಂಡೂ ಹಾರಿ, ಈ ಸಲ ತೆಂಕಣ ದಿಕ್ಕಿಗೆ ಮರದಿಂದ ಮರಕ್ಕೆ ನೆಗೆಯುತ್ತ ಮಾಯವಾಯಿತು. ಜನ ಹೋ ಎಂದು ಕೂಗಿದರು. ಆ ಗದ್ದಲದ ನಡುವೆ ಸೆಟ್ಟಿನಿಂದ ಒಂದು ಗಂಡುದನಿ ಬಂತು.

ಜನ ಬಾಗಿಲಿಗೆ ನುಗ್ಗಿದರು. ಆ ದನಿ ಇಂಗ್ಲಿಷಿನಲ್ಲಿ, ತನ್ನ ಹೆಸರು ನಿಮಲ್, ಶ್ರೀಲಂಕಾದಿಂದ ಮಾತಾಡುತ್ತಿದ್ದೇನೆ, ನಿಮ್ಮ ದನಿ ಚೆನ್ನಾಗಿ ಕೇಳುತ್ತಿದೆ ಎಂದಿತು. ಇದಕ್ಕಾಗಿ ವರ್ಷಗಟ್ಟಲೆ ಕಾದಿದ್ದ ಮರುಳಪ್ಪನಿಗೆ ಕಲಿತದ್ದೆಲ್ಲ ಮರೆತುಹೋಯಿತು. ಮೈಕು ಒತ್ತಿ, "ಊಟ ಆಯ್ತಾ?" ಎಂದ.

"ಇಂಗ್ಲಿಷಲ್ಲಿ ಭಾವ, ಇಂಗ್ಲಿಷಲ್ಲಿ!" ಎಂದು ಬಸವಕುಮಾರ ಬೆನ್ನು ತಿವಿದ. ಅವನೂ ಬೆವರುತ್ತಿದ್ದ.

ಮರುಳಪ್ಪ ಸಾವರಿಸಿಕೊಂಡು, ತನ್ನದು ಮನೆಯಲ್ಲೇ ಮಾಡಿದ ತಂತಿ, ಕೋಕೋನಟ್ ಮರಕ್ಕೆ ಕಟ್ಟಿದ್ದೇನೆ ಎಂದು ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದ. ಕೋಕೋನಟ್ ಎಂದದ್ದೇ ತಡ, ಆ ಕಡೆಯವನ ದನಿ ಗೋಳಾಯಿತು. "ಓ, ಕೋಕೋನಟ್! ಹಿಯರ್ ಆಲ್ಸೋ ಕೋಕೋನಟ್. ಬಟ್ ಮಂಕೀಸ್, ಮೈ ಫ್ರೆಂಡ್! ಟೂ ಮಚ್ ಮಂಕೀಸ್! ದಿಸ್ ವೀಕ್, ವೆರಿ ಬ್ಯಾಡ್!"

"ಏನಂತವ್ನೆ?" ಎಂದ ಚಿಕ್ಕರಂಗಯ್ಯ.

ಬಸವಕುಮಾರ ಕನ್ನಡದಲ್ಲಿ ಹೇಳಿದ: "ಈ ವಾರ ಅವರ ತೋಟದಲ್ಲಿ ಕೋತಿ ಬಹಳ ಜಾಸ್ತಿ ಆಗಿದಾವಂತೆ."

"ಆಗ್ದೆ ಏನು!" ಎಂದ ಚಿಕ್ಕರಂಗಯ್ಯ. "ಈಗ ತಾನೆ ತೆಂಕಣಕ್ಕೆ ಹೋದ್ವಲ್ಲ, ನಮ್ಮವೇ ಅವು!"

"ಅಂಗಲ್ಲಣ್ಣ, ಹೋಗೋದು ಅಲೆ, ಕೋತಿ ಅಲ್ಲ, ಇಷ್ಟು ಬೇಗ ಯಾವ ಕೋತಿ..." ಎಂದು ಮರುಳಪ್ಪ ಶುರುಮಾಡಿದ.

"ಸಂಜೆ ಕಳಿಸಿದ್ರೆ ಸಮುದ್ರ ದಾಟ್ತವೆ ಅಂತ ನೀನೇ ತಾನೆ ಹೇಳಿದ್ದು?" ಎಂದಳು ಕೊಲ್ಲಾಪುರಮ್ಮ. ಮರುಳಪ್ಪ ಹಾಗೆ ಹೇಳಿದ್ದು ನಿಜವೇ ಆಗಿತ್ತು.

ಜನರೆಲ್ಲ ಗಾರ್ಡಿನ ಮುಖ ನೋಡಿದರು. ರಂಗನಾಥ್ ಟೋಪಿ ತೆಗೆದು ತಲೆ ಕೆರೆದುಕೊಂಡು, ಮತ್ತೆ ಹಾಕಿಕೊಂಡ. "ಮಾತಾಡಿದ್ದಂತೂ ನಿಜ. ವೈರ್‌ಲೆಸ್ಸು ಅಂತ ಬರ್ಕೊಂಡಿದೀನಿ," ಎಂದ. "ಇನ್ನು ಕೋತಿ ವಿಷಯ. ಲಂಕೆ ನಮ್ಮ ವಲಯಕ್ಕೆ ಬರಲ್ಲ ಸ್ವಾಮಿ." ಬೈಕು ಹತ್ತಿ ಹೊರಟೇಹೋದ.

ಬಸವಕುಮಾರ ಹೊರಡಲಿಲ್ಲ. ಮೆಲ್ಲಗೆ ಭಾವನ ಪಕ್ಕಕ್ಕೆ ಬಂದು ಕೂತು, ಅಗಲದ ಫೋನನ್ನು ಜೇಬಿಗೆ ಹಾಕಿಕೊಂಡು, "ಭಾವ, ದಿನಾ ಸಂಜೆ ಇದೇ ಹೊತ್ತಿಗೆ ಕೂಗಿ. ಮಧ್ಯಾಹ್ನ ಮಾತ್ರ ಬೇಡ. ನಮ್ ತೋಟ ಹತ್ತಿರ ಆಗುತ್ತೆ," ಎಂದು ಕೇಳಿಕೊಂಡ.

ಎಲ್ಲರೂ ಹೋದ ಮೇಲೆ ಮರುಳಪ್ಪ ಹೆಂಡತಿಯನ್ನು ಕೂರಿಸಿಕೊಂಡು ಮೊದಲಿನಿಂದ ವಿವರಿಸಿದ. ಅಲೆ ಎಂದರೇನು, ಆಂಟೆನಾ ಎಂದರೇನು, ಕೋತಿ ಓಡಿದ್ದು ಯಾಕೆ, ಲಂಕೆಯ ಕೋತಿ ಲಂಕೆಯದೇ ಯಾಕೆ, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದ. ಗುರುಸಿದ್ದಮ್ಮ ಉಪ್ಪಿಟ್ಟಿನ ಪಾತ್ರೆ ತೊಳೆಯುತ್ತ ಸಮಾಧಾನದಿಂದ ಕೇಳಿಸಿಕೊಂಡಳು.

"ಈಗ್ಲಾದ್ರೂ ಗೊತ್ತಾಯ್ತಾ?" ಎಂದ ಅವನು.

"ಗೊತ್ತಾಯ್ತು ಕಣ್ರೀ. ನಂಗೇನು, ಅವರ ಥರ ತಲೆ ಇಲ್ವಾ?" ಎಂದಳು ಅವಳು. ಪಾತ್ರೆ ಬೋರಲು ಹಾಕಿ, ಕೈ ಒರೆಸಿಕೊಂಡು, ತೆಂಕಣ ದಿಕ್ಕಿಗೆ ಒಮ್ಮೆ ನೋಡಿದಳು. "ಆದ್ರೂ ಆ ನಿಮಲ್ಲು ಪಾಪ, ಎಷ್ಟು ನೊಂದ್ಕೊಂಡು ಮಾತಾಡ್ದ. ಇನ್ಮೇಲೆ ಬೇರೆ ಯಾವುದಾದ್ರೂ ದೇಶಕ್ಕೆ ಕಳಿಸ್ರೀ."